ಬಸ್ಸಿನ ಮೇಲೋ, ಬಸ್ಸಿನಲ್ಲೋ? ಇಂಗ್ಲಿಷಿನ ಪ್ರಿಪೊಸಿಷನ್‌ಗಳ ಕಥೆ

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕರೆಯಿಂದ. ನಮ್ಮ ತಂಡದವರೊಬ್ಬರ ಮಗಳು ಕೆನಡಾದಲ್ಲಿ ಬೆಳೀತಿದ್ದಾಳೆ. ಶಾಲೆಯಿಂದ ಬರುವಾಗ ಹಾಸನದ ಅಜ್ಜಿಗೆ ಫೋನ್ ಮಾಡಿ, "ಅಜ್ಜಿ, ನಾನೀಗ ಬಸ್ ಮೇಲಿದೀನಿ" ಅಂದಳು. ಅಜ್ಜಿ ಗಾಬರಿಯಾಗಿ, "ಅಯ್ಯೋ ಕಂದಾ, ಮೊದ್ಲು ಕೆಳಗಿಳಿ, ಬಿದ್ದುಗಿದ್ದೀಯ!" ಅಂದರು.

ಎಲ್ಲರೂ ನಕ್ಕೆವು. ಆದರೆ ಅದೇ ವಾರ ಶಾಲೆಯ ಪೋಷಕರ ಸಭೆಯಲ್ಲಿ ಆ ಹುಡುಗಿಯ ಅಪ್ಪ, ಹತ್ತು ವರ್ಷದಿಂದ ಇಲ್ಲಿದ್ದೇವೆ ಅನ್ನೋದಕ್ಕೆ 'ಸಿನ್ಸ್ ಟೆನ್ ಇಯರ್ಸ್' ಅಂದರು. ಟೀಚರ್ ಎದುರಿಗೇ ಮಗಳು, "ಸಿನ್ಸ್ ಅಲ್ಲ ಅಪ್ಪಾ, ಫಾರ್" ಅಂತ ತಿದ್ದಿದಳು. ಸಭೆ ಮುಗಿಯೋವರೆಗೂ ಅವರು ಮತ್ತೆ ಬಾಯಿ ಬಿಡಲಿಲ್ಲ. ಈ ಮೌನ ಹೊರದೇಶದಲ್ಲಿರುವ ನಮ್ಮಲ್ಲಿ ಅನೇಕರಿಗೆ ಗೊತ್ತು. ಹಾಗಾದ್ರೆ ಇಬ್ಬರಲ್ಲಿ ಯಾರ ತಲೆ ಕೆಟ್ಟಿತ್ತು? ಯಾರದ್ದೂ ಅಲ್ಲ. ಬನ್ನಿ, ನೋಡೋಣ.

ಪ್ರಿಪೊಸಿಷನ್ ಅಂದ್ರೆ 'ಮುಂದೆ ಇಟ್ಟದ್ದು' ಅಂತ ಅರ್ಥ. ಇನ್, ಆನ್, ಅಟ್, ಫ್ರಮ್, ವಿತ್ ಇವೆಲ್ಲ ನಾಮಪದಕ್ಕೆ ಮೊದಲು ಬಂದು, ಅದಕ್ಕೂ ವಾಕ್ಯದ ಉಳಿದ ಭಾಗಕ್ಕೂ ಇರುವ ಸಂಬಂಧ ಹೇಳುತ್ತವೆ. ಅದೇ ಕೆಲಸವನ್ನು ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು, ಜೊತೆಗೆ ಮೇಲೆ, ಒಳಗೆ, ಹತ್ತಿರ ಇಂಥ ಪದಗಳು ಮಾಡುತ್ತವೆ, ಆದರೆ ಹಿಂದಿನಿಂದ. ಎರಡೂ ಕಡೆ ಶಿಸ್ತು ಒಂದೇ. ಇಂಗ್ಲಿಷಿನಲ್ಲಿ 'ವಿತ್ ಐ' ಆಗಲ್ಲ, 'ವಿತ್ ಮಿ' ಆಗಬೇಕು. ನಮ್ಮಲ್ಲೂ 'ನಾನು ಜೊತೆ' ಆಗಲ್ಲ, 'ನನ್ನ ಜೊತೆ' ಆಗಬೇಕು.

ಈ ಹಿಂದೆ-ಮುಂದೆ ಬರೀ ಆಕಸ್ಮಿಕವಲ್ಲ. 1963ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 30 ಭಾಷೆಗಳನ್ನು ಹೋಲಿಸಿ ಒಂದು ಪ್ರಬಂಧ ಪ್ರಕಟಿಸಿದರು. ಆ ಮೂವತ್ತರಲ್ಲಿ ಕನ್ನಡವೂ ಇತ್ತು! ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ಈ ಸಂಬಂಧಸೂಚಕಗಳೂ ಸಾಮಾನ್ಯವಾಗಿ ನಾಮಪದದ ಹಿಂದೆಯೇ ಬರುತ್ತವೆ ಅಂತ ಅವರು ತೋರಿಸಿದರು. ನಾವು 'ಕಾಫಿ ಕುಡಿದೆ', 'ಲೋಟದಲ್ಲಿ' ಅಂತೀವಿ. ಇಂಗ್ಲಿಷಿನಲ್ಲಿ 'ಕುಡಿದೆ' ಮೊದಲು, ಕಾಫಿ ಆಮೇಲೆ. 'ಅಲ್ಲಿ' ಮೊದಲು, ಲೋಟ ಆಮೇಲೆ. ಕನ್ನಡಿಯೊಳಗಿನ ಪ್ರತಿಬಿಂಬ ಇದ್ದ ಹಾಗೆ. ಪರ್ಷಿಯನ್‌ನಂಥ ಅಪವಾದಗಳೂ ಇವೆ ಅನ್ನಿ.

ಜಾಗ ಬದಲಾದ್ರೆ ಪರವಾಗಿಲ್ಲ, ಅಭ್ಯಾಸ ಆಗುತ್ತೆ. ನಿಜವಾದ ತೊಡಕು ಹಂಚಿಕೆಯದು. ಬಾಗಿಲಲ್ಲಿ ಅತಿಥಿ, ತಟ್ಟೆಯಲ್ಲಿ ದೋಸೆ, ಡಬ್ಬಿಯಲ್ಲಿ ಸಕ್ಕರೆ. ನಮಗೆ ಮೂರಕ್ಕೂ 'ಅಲ್ಲಿ' ಸಾಕು. ಇಂಗ್ಲಿಷಿಗೆ ಬಾಗಿಲು ಒಂದು ಬಿಂದು, ಅಲ್ಲಿ ಅಟ್. ತಟ್ಟೆ ಒಂದು ಮೇಲ್ಮೈ, ಅಲ್ಲಿ ಆನ್. ಡಬ್ಬಿ ಒಂದು ಪಾತ್ರೆ, ಅಲ್ಲಿ ಇನ್. ಕಾಲಕ್ಕೂ ಹೀಗೇ. 'ಹತ್ತು ವರ್ಷದಿಂದ', '2015ರಿಂದ' ಎರಡಕ್ಕೂ ನಮ್ಮದು ಒಂದೇ 'ಇಂದ'. ಇಂಗ್ಲಿಷಿನಲ್ಲಿ ಶುರುವಾದ ಕ್ಷಣಕ್ಕೆ ಸಿನ್ಸ್, ಕಳೆದ ಅವಧಿಗೆ ಫಾರ್. ಅಪ್ಪ ಮಾಡಿದ 'ತಪ್ಪು', ಕನ್ನಡದ ನಿಯಮವನ್ನು ಚಾಚೂತಪ್ಪದೆ ಪಾಲಿಸಿದ್ದರಿಂದ ಆದದ್ದು. ಮಗಳದ್ದೂ ಅಷ್ಟೇ: ಇಂಗ್ಲಿಷಿನಲ್ಲಿ ಕಾರಿಗೆ ಇನ್, ಬಸ್ಸಿಗೆ ಆನ್. ಅದನ್ನೇ ಅವಳು ಕನ್ನಡಕ್ಕೆ ತಂದಳು.

ಈ ಹಂಚಿಕೆ ನಮ್ಮೊಳಗೆ ಯಾವಾಗ ಇಳಿಯುತ್ತೆ? ಕೊರಿಯನ್ ಭಾಷೆ ಒಳಗೆ, ಮೇಲೆ ಅನ್ನೋದಕ್ಕಿಂತ ಬಿಗಿಯಾಗಿ ಕೂತಿದೆಯೋ ಸಡಿಲವಾಗಿದೆಯೋ ಅನ್ನೋದಕ್ಕೆ ಬೆಲೆ ಕೊಡುತ್ತೆ. ಬೆರಳಿಗೆ ಉಂಗುರ ತೊಡಿಸಿದರೂ, ಪೆಟ್ಟಿಗೆಯೊಳಗೆ ಪುಸ್ತಕ ಬಿಗಿಯಾಗಿ ತುರುಕಿದರೂ ಒಂದೇ ಕ್ರಿಯಾಪದ. ಎರಡು ವರ್ಷ ತುಂಬುವ ಮೊದಲೇ ಕೊರಿಯನ್ ಮಕ್ಕಳು ಕೊರಿಯನ್ ರೀತಿ, ಇಂಗ್ಲಿಷ್ ಮಕ್ಕಳು ಇಂಗ್ಲಿಷ್ ರೀತಿ ಮಾತಾಡ್ತಾರೆ ಅಂತ ಸೂಂಜಾ ಚೋಯ್ ಮತ್ತು ಮೆಲಿಸ್ಸಾ ಬೋವರ್ಮನ್ 1991ರಲ್ಲಿ ತೋರಿಸಿದರು. ಇನ್ನೂ ಸೋಜಿಗ ಏನಂದ್ರೆ, 2004ರಲ್ಲಿ ಸೂಸನ್ ಹೆಸ್ಪೋಸ್ ಮತ್ತು ಎಲಿಜಬೆತ್ ಸ್ಪೆಲ್ಕಿ ಇಂಗ್ಲಿಷ್ ಮನೆಗಳ 5 ತಿಂಗಳ ಕೂಸುಗಳನ್ನು ಪರೀಕ್ಷಿಸಿದಾಗ, ಅವುಗಳಿಗೂ ಬಿಗಿ-ಸಡಿಲದ ವ್ಯತ್ಯಾಸ ಗೊತ್ತಾಗುತ್ತಿತ್ತು. ಅಂದ್ರೆ ತಮ್ಮ ಭಾಷೆ ಲೆಕ್ಕಕ್ಕಿಡದ ವ್ಯತ್ಯಾಸವನ್ನೂ ಕೂಸುಗಳು ಗಮನಿಸಬಲ್ಲವು. ಅದರಲ್ಲಿ ಯಾವುದನ್ನು ಮಾತಿನಲ್ಲಿ ಹೇಳಲೇಬೇಕು ಅನ್ನೋದನ್ನ ಮನೆಯ ಭಾಷೆ ಕಲಿಸುತ್ತೆ.

ಅಂದಹಾಗೆ, ಸಾವಿರ ವರ್ಷದ ಹಿಂದೆ ಇಂಗ್ಲಿಷಿನ ನಾಮಪದಗಳಿಗೂ ವಿಭಕ್ತಿಗಳಿದ್ದವು. ಅವು ಸವೆದುಹೋದಂತೆ ಪ್ರಿಪೊಸಿಷನ್‌ಗಳ ಹೆಗಲಿಗೆ ಹೆಚ್ಚಿನ ಹೊರೆ ಬಿತ್ತು.

ಹಾಗಾದ್ರೆ ಕಲಿಯೋದು ಹೇಗೆ? ಪ್ರಿಪೊಸಿಷನ್ ಒಂದನ್ನೇ ಬಾಯಿಪಾಠ ಮಾಡಬೇಡಿ, ಅದರ ಜೊತೆಗಾರನ ಸಮೇತ ಕಲಿಯಿರಿ. 'ನನ್ನ ಮೇಲೆ ಕೋಪ' ಅಂತ 'ಆಂಗ್ರಿ ಆನ್ ಮಿ' ಅನ್ನೋ ಬದಲು 'ಆಂಗ್ರಿ ವಿತ್' ಅಂತ ಜೋಡಿಯಾಗಿ ನೆನಪಿಡಿ. 'ಡಿಸ್ಕಸ್' ಒಂಟಿ, ಅದಕ್ಕೆ 'ಅಬೌಟ್' ಬೇಡ.

ಇನ್ನೊಂದು ಮಾತು. ಮಕ್ಕಳು ತಿದ್ದಿದರೆ ತಿದ್ದಿಸಿಕೊಳ್ಳೋಣ, ಆದರೆ ಮಾತು ನಿಲ್ಲಿಸೋದು ಬೇಡ. ಮಕ್ಕಳ ಕನ್ನಡ ಕೇಳಿ ನಗು ಬಂದರೂ, ಅವರು ಬಾಯಿ ಮುಚ್ಚಿಕೊಳ್ಳುವಷ್ಟು ನಗೋದು ಬೇಡ. ಆ ಹುಡುಗಿ ಈಗಲೂ ದಿನಾ ಅಜ್ಜಿಗೆ ಫೋನ್ ಮಾಡ್ತಾಳೆ. "ಒಳಗಿದೀಯೋ, ಮೇಲಿದೀಯೋ?" ಅಂತ ಅಜ್ಜಿ ಮೊದಲು ಕೇಳಿಕೊಳ್ತಾರೆ, ಅಷ್ಟೇ.