ಎಲ್ಫ್ ಕಡತದ ಖಾಲಿ ಚೌಕ

ಸರ್ಕಾರಿ ಅರ್ಜಿಯ ಕೊನೆಯಲ್ಲಿ ‘ಕಚೇರಿಯ ಉಪಯೋಗಕ್ಕೆ ಮಾತ್ರ’ ಎಂಬ ಚೌಕ ಇರುತ್ತದಲ್ಲ, ಅಂಥದೇ ಒಂದು ಚೌಕ ಎಲ್ಫ್ ಕಡತದಲ್ಲೂ ಇದೆ. ಲಿನಕ್ಸ್, ಆಂಡ್ರಾಯ್ಡ್, ಫ್ರೀಬಿಎಸ್‌ಡಿ, ಸೊಲಾರಿಸ್‌ಗಳ ಪ್ರೋಗ್ರಾಮ್‌ಗಳು ಡಿಸ್ಕಿನಲ್ಲಿ ಕೂರುವುದು ಈ ನಮೂನೆಯಲ್ಲೇ. 1980ರ ದಶಕದ ಕೊನೆಗೆ ಯುನಿಕ್ಸ್ ಸಿಸ್ಟಮ್ 5ರ ನಾಲ್ಕನೇ ಆವೃತ್ತಿಗಾಗಿ ಇದನ್ನು ರೂಪಿಸಿದರು.

ಕಡತದ ಯಾವ ತುಂಡನ್ನು ಏನು ಮಾಡಬೇಕೆಂದು ಹೇಳುವ ಪಟ್ಟಿಯೊಂದು ಅದರೊಳಗೇ ಇರುತ್ತದೆ. ಪ್ರತಿ ಸಾಲಿಗೂ ಒಂದು ಸಂಖ್ಯೆ. 1 ಎಂದಿದ್ದರೆ ‘ಮೆಮೊರಿಗೆ ಏರಿಸು’ ಎಂದರ್ಥ. ಹದಿನಾರರ ಲೆಕ್ಕದ ಎಂಟಂಕಿ ಸಂಖ್ಯೆಗಳಲ್ಲಿ 6ರಿಂದ ಶುರುವಾಗುವವನ್ನೆಲ್ಲ ಆಪರೇಟಿಂಗ್ ಸಿಸ್ಟಮ್‌ಗಳಿಗೇ ಬಿಟ್ಟಿದ್ದಾರೆ. ಅವು 26 ಕೋಟಿಗೂ ಹೆಚ್ಚು! ಗುರುತಿಲ್ಲದ ಸಂಖ್ಯೆ ಎದುರಾದರೆ, ಪ್ರೋಗ್ರಾಮನ್ನು ಮೆಮೊರಿಗೆ ಏರಿಸುವ ಲೋಡರ್ ಅದನ್ನು ದಾಟಿಕೊಂಡು ಮುಂದೆ ಹೋಗುತ್ತದೆ. ಮುಂದೆ ಬರುವವರಿಗೆ ಏನು ಬೇಕಾದೀತೆಂದು ಊಹಿಸಲು ಹೋಗದೆ ಜಾಗ ಮಾತ್ರ ಬಿಟ್ಟಿಟ್ಟದ್ದೇ ಈ ಮಾನದಂಡದ ದೊಡ್ಡ ಜಾಣತನ ಎಂದು ನನಗನಿಸುತ್ತದೆ.

ಲಿನಕ್ಸ್‌ನಲ್ಲಿ ‘ರೀಡ್‌ಎಲ್ಫ್’ ಆದೇಶ ಕೊಟ್ಟು ಯಾವುದಾದರೂ ಪ್ರೋಗ್ರಾಮಿನ ಪಟ್ಟಿ ತೆಗೆದು ನೋಡಿ. ಆ ಚೌಕದಲ್ಲಿ ಬರೆದ ‘ಗ್ನೂ ಸ್ಟ್ಯಾಕ್’ ಎಂಬ ಸಾಲು ಸಿಗುತ್ತದೆ. ವಿಳಾಸ ಸೊನ್ನೆ, ಸಾಮಾನ್ಯವಾಗಿ ಗಾತ್ರವೂ ಸೊನ್ನೆ. ಕೆಲಸಕ್ಕೆ ಬರುವುದು ಅದರ ಅನುಮತಿಯ ಅಕ್ಷರಗಳು: ಓದಬಹುದು, ಬರೆಯಬಹುದು, ಓಡಿಸುವಂತಿಲ್ಲ. ಪ್ರೋಗ್ರಾಮಿನ ತಾತ್ಕಾಲಿಕ ಮೆಮೊರಿಯಾದ ಸ್ಟ್ಯಾಕ್‌ಗೆ ಕಳ್ಳ ಕೋಡ್ ತುಂಬಿ ಅಲ್ಲಿಂದಲೇ ಓಡಿಸುವ ದಾಳಿಗೆ ಇದು ತಡೆ. ಆದರೆ ಕೈಯಾರೆ ಬರೆದ ಒಂದು ಅಸೆಂಬ್ಲಿ ಕಡತದಲ್ಲಿ ಇದಕ್ಕೆ ಬೇಕಾದ ಪುಟ್ಟ ಗುರುತು ಬಿಟ್ಟುಹೋದರೆ, ಇಂಟೆಲ್ ಮಾದರಿಯ ಯಂತ್ರಗಳಲ್ಲಿ, ತುಂಡುಗಳನ್ನು ಜೋಡಿಸುವ ಲಿಂಕರ್ ಇಡೀ ಪ್ರೋಗ್ರಾಮಿನ ಸ್ಟ್ಯಾಕನ್ನೇ ‘ಓಡಿಸಬಹುದು’ ಮಾಡಿಬಿಡುತ್ತಿತ್ತು, ಸದ್ದಿಲ್ಲದೆ. ಗ್ನೂ ಲಿಂಕರ್ ಎಚ್ಚರಿಸತೊಡಗಿದ್ದು 2022ರಲ್ಲಿ.

ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಅದೇ ಚೌಕದಲ್ಲಿ ಬೇರೆಯದನ್ನೇ ಬರೆದುಕೊಂಡಿತು. ಅದು ಸೇರಿಸಿದ ಸಾಲೊಂದು ತೋರಿಸುವ ಜಾಗದಲ್ಲಿ, ಪ್ರೋಗ್ರಾಮ್ ಶುರುವಾಗುವ ಮುನ್ನವೇ ಯಾದೃಚ್ಛಿಕ ಬೈಟ್‌ಗಳು ತುಂಬಿರುತ್ತವೆ.

ಸೇರಿಸುವುದು ಸುಲಭ, ಇದ್ದದ್ದನ್ನು ತೆಗೆಯುವುದೇ ಕಷ್ಟ. ಲೈಬ್ರರಿಯಲ್ಲಿ ಹೆಸರು ಹುಡುಕಲು ಮಾನದಂಡ ಕಡ್ಡಾಯ ಮಾಡಿದ್ದು ಹಳೆಯ ಹ್ಯಾಶ್ ಪಟ್ಟಿ. ಗ್ನೂ ಯೋಜನೆ ಸೇರಿಸಿದ ಹೊಸ ಪಟ್ಟಿಗೆ ವೇಗ ಜಾಸ್ತಿ, ಹೆಸರು ಇಲ್ಲದಿದ್ದರೆ ಬಹುಮಟ್ಟಿಗೆ ಮೊದಲ ನೋಟಕ್ಕೇ ಇಲ್ಲವೆಂದು ತಿಳಿಯುತ್ತದೆ. 2022ರ ಆಗಸ್ಟ್‌ನಲ್ಲಿ ಬಂದ, ಗ್ನೂವಿನ ಸಿ ಲೈಬ್ರರಿಯಾದ ಜಿಲಿಬ್‌ಸಿ 2.36, ಎರಡೂ ಇರಲೇಬೇಕೆಂಬ ತನ್ನ ಪಟ್ಟು ಬಿಟ್ಟಿತು. ಹಳೆಯ ಪಟ್ಟಿ ಕಾಣೆಯಾದಾಗ, ಅದನ್ನೇ ನಂಬಿದ್ದ, ಕಂಪ್ಯೂಟರ್ ಆಟಗಳಲ್ಲಿ ಮೋಸ ತಡೆಯುವ ತಂತ್ರಾಂಶವೊಂದು ಕೈಕೊಟ್ಟಿತು; ಆಟಗಳು ತೆರೆಯಲಿಲ್ಲ. ಆರ್ಚ್ ಲಿನಕ್ಸ್‌ನವರು ಹಳೆಯ ಪಟ್ಟಿಯನ್ನು ಮತ್ತೆ ಸೇರಿಸಿದರು.