ಚಳಿ ಬೇಡುವ ಕುಳ್ಳ ಐರಿಸ್, ಬೆಂಗಳೂರಿಗೆ ಒಗ್ಗುವ ಬಂಧುಗಳು

ಐರಿಸ್ ಕುಲದಲ್ಲಿ 250ಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಗೇಣುದ್ದದ ಕುಳ್ಳ ಜಾತಿಗಳು ಹಿಮ ಬೀಳುವ ನಾಡಿನವು. ಟರ್ಕಿ, ಕಾಕಸಸ್, ಇರಾನ್ ಕಡೆಯ ಐರಿಸ್ ರೆಟಿಕ್ಯುಲೇಟಾದ ಗಡ್ಡೆಗೆ ಬಲೆಯಂಥ ನಾರಿನ ಹೊದಿಕೆಯಿದೆ. ಎಲೆಯನ್ನು ಅಡ್ಡ ಕೊಯ್ದರೆ ಚೌಕ ಕಾಣುತ್ತದೆ. ಐರಿಸ್ ಪ್ಯುಮಿಲಾಕ್ಕೆ ಗಡ್ಡೆಯಿಲ್ಲ. ಅದರ ಕಾಂಡ ಶುಂಠಿಯಂತೆ ನೆಲದಲ್ಲಿ ಅಡ್ಡಕ್ಕೆ ಹಬ್ಬುತ್ತದೆ, ಬಾಗಿದ ಎಸಳುಗಳ ನಡುವೆ ಗಡ್ಡದಂಥ ರೋಮದ ಸಾಲಿರುತ್ತದೆ.

ಐರಿಸ್ ಗುರುತಿಸಲು ಕೇಸರ ಎಣಿಸುವುದು ನೆರವಾಗುತ್ತದೆ. ಮೂರು ಎಸಳು ಹೊರಕ್ಕೆ ಬಾಗಿ, ಮೂರು ನೆಟ್ಟಗೆ ನಿಂತ ಹೂವಿನಲ್ಲಿ ಕೇಸರಗಳೂ ಮೂರೇ. ಬೆಂಗಳೂರಿನಲ್ಲಿ ಮಳೆ ಬಿದ್ದೊಡನೆ ಅರಳುವ ರೈನ್ ಲಿಲ್ಲಿಯಲ್ಲಿ ಆರು ಕೇಸರಗಳಿವೆ. ಅದು ಬೇರೆ ಕುಟುಂಬದ್ದು.

ರೆಟಿಕ್ಯುಲೇಟಾ ಗಡ್ಡೆಯೊಳಗಿನ ಮೊಗ್ಗು ನೀಳವಾಗಿ ಹೊರಬರಲು ಎರಡು-ಮೂರು ತಿಂಗಳು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆ ಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಜನವರಿಯ ರಾತ್ರಿಗಳೂ ಸಾಮಾನ್ಯವಾಗಿ 15-16 ಡಿಗ್ರಿ. ಇಲ್ಲಿನ ದಾಖಲೆಯ ಚಳಿ 1884ರ ಜನವರಿಯ 7.8 ಡಿಗ್ರಿ. ಗಡ್ಡೆಯನ್ನು ಫ್ರಿಜ್‌ನಲ್ಲಿಟ್ಟು ಚಳಿ ಕೊಡಬಹುದು. ಆದರೆ ಮಾಗುವ ಹಣ್ಣುಗಳ ಪಕ್ಕ ಇಡಬಾರದು, ಅವು ಬಿಡುವ ಎಥಿಲೀನ್ ಅನಿಲದಿಂದ ಮೊಗ್ಗು ಒಣಗುತ್ತದೆ.

ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಬಾಲ್ಕನಿಗೆ ಐರಿಸ್ ಕುಟುಂಬದ ಬೇರೆ ಗಿಡಗಳು ಹೊಂದುತ್ತವೆ. ಬ್ರೆಜಿಲ್ ಮೂಲದ ವಾಕಿಂಗ್ ಐರಿಸ್‌ನ ಬಿಳಿ-ನೀಲಿ ಹೂ ಬೆಳಿಗ್ಗೆ ಅರಳಿ ಸಂಜೆಗೆ ಬಾಡುತ್ತದೆ. ಹೂ ಬಿಟ್ಟ ದಂಟಿನ ತುದಿಯಲ್ಲಿ ಮರಿಗಿಡ ಮೂಡಿ, ಭಾರಕ್ಕೆ ದಂಟು ಬಾಗಿ, ಮಣ್ಣು ತಾಕಿದಲ್ಲಿ ಬೇರು ಬಿಡುತ್ತದೆ. ಕಿತ್ತಳೆ ಹೂವಿನ ಮೇಲೆ ಕೆಂಪು ಚುಕ್ಕಿಗಳಿರುವ ಬ್ಲ್ಯಾಕ್‌ಬೆರಿ ಲಿಲ್ಲಿಯ ಕಾಯಿ ಒಡೆದರೆ ಹೊಳೆಯುವ ಕಪ್ಪು ಬೀಜಗಳ ಗೊಂಚಲು ಕಾಣುತ್ತದೆ. ಡಿಎನ್‌ಎ ಅಧ್ಯಯನಗಳ ಆಧಾರದಲ್ಲಿ 2005ರಲ್ಲಿ ಇದನ್ನು ಐರಿಸ್ ಕುಲಕ್ಕೇ ಸೇರಿಸಲಾಯಿತು. ಗ್ಲಾಡಿಯೋಲಸ್ ಕೂಡ ಇದೇ ಬಳಗದ್ದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದರ ಮೀರಾ, ಪೂನಂ, ಸಪ್ನಾ ಮುಂತಾದ ತಳಿಗಳನ್ನು ರೂಪಿಸಿದೆ. ಕಿತ್ತ ಗಡ್ಡೆಯ ಸುಪ್ತಾವಸ್ಥೆ ಮುರಿಯಲು ಬೆಳೆಗಾರರು ಅದನ್ನು ಶೀತಲಗೃಹದಲ್ಲಿ ಇಡುತ್ತಾರೆ.

ಕೆಂಪು ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದ, ನೀರು ಸಲೀಸಾಗಿ ಬಸಿಯುವ ಕುಂಡ ಈ ಮೂರಕ್ಕೂ ಸೂಕ್ತ. ವಾಕಿಂಗ್ ಐರಿಸ್‌ಗೆ ಅರೆನೆರಳು ಸಾಕು, ಉಳಿದೆರಡಕ್ಕೆ ಬಿಸಿಲು ಬೇಕು. ಮಳೆಗಾಲದಲ್ಲಿ ಕುಂಡದ ತಟ್ಟೆಯಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ಕುಂಡ ತುಂಬಿದಾಗ ವಾಕಿಂಗ್ ಐರಿಸ್ ಮತ್ತು ಬ್ಲ್ಯಾಕ್‌ಬೆರಿ ಲಿಲ್ಲಿಯ ಬುಡ ಬಿಡಿಸಿ ನೆಡಬೇಕು. ಗ್ಲಾಡಿಯೋಲಸ್ ಗಡ್ಡೆಯನ್ನು ಎಲೆ ಹಳದಿಯಾದ ಮೇಲೆ ಕೀಳಬೇಕು.