ಹಳೆಯ ನಾಣ್ಯದ ಮೆರುಗೂ ಮೌಲ್ಯವೂ

ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣಿನಿಂದಲೂ ಬೆಳ್ಳಿಯ ದೀಪವನ್ನು ವಿಭೂತಿಯಿಂದಲೂ ಬೆಳಗುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಈ ಅಭ್ಯಾಸದ ಬಲದಿಂದಲೇ, ಹಿರಿಯರ ಪೆಟ್ಟಿಗೆಯಲ್ಲಿ ಕಪ್ಪಿಟ್ಟ ರೂಪಾಯಿಯೋ ಕಿಲುಬು ಹಿಡಿದ ಆನೆ ಕಾಸೋ ದೊರೆತ ಕೂಡಲೇ ಅದನ್ನು ಉಜ್ಜಿ ಹೊಳೆಯಿಸಬೇಕೆಂದು ನಮಗೆ ತೋರುತ್ತದೆ. ಆದರೆ ನಾಣ್ಯಶಾಸ್ತ್ರವನ್ನು ಬಲ್ಲವರು ಇದಕ್ಕೆ ಒಪ್ಪುವುದಿಲ್ಲ. ಪಾತ್ರೆಗೆ ಗುಣವೆನಿಸಿದುದು ನಾಣ್ಯಕ್ಕೆ ದೋಷವಾಗುವುದು ಹೇಗೆ? ಇದನ್ನು ಕುರಿತು ವಿಚಾರ ಮಾಡುವುದೇ ಈ ಭಾಷಣದ ಉದ್ದೇಶ.

ಮೊದಲು ನಾಣ್ಯದ ಮೆರುಗು ಎಂದರೇನೆಂಬುದನ್ನು ನೋಡೋಣ. ಟಂಕಸಾಲೆಯಲ್ಲಿ ಲೋಹದ ಬಿಲ್ಲೆಯ ಮೇಲೆ ಅಚ್ಚು ಬಲವಾಗಿ ಬಿದ್ದಾಗ, ಲೋಹವು ಒತ್ತಡಕ್ಕೆ ಸಿಕ್ಕಿ ನಡುವಿನಿಂದ ಅಂಚಿನ ಕಡೆಗೆ ಸರಿಯುತ್ತದೆ. ಆ ಸರಿದಾಟದಿಂದ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೈಮೇಲೆ ಉಳಿಯುತ್ತವೆ. ಹೊಸ ಬೆಳ್ಳಿ ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಿದರೆ, ಬೆಳಕು ಬಂಡಿಯ ಗಾಲಿಯ ಅರಗಳಂತೆ ಸುತ್ತುವುದು ಈ ಗೆರೆಗಳಿಂದಲೇ. ಉಜ್ಜಿದಾಗ ಮೊದಲು ನಾಶವಾಗುವುದೂ ಇವೇ. ಆಮೇಲೆ ಬರುವ ಹೊಳಪು ಬೇರೆಯ ಜಾತಿಯದು. ಭೂತಗಾಜಿನಲ್ಲಿ ನೋಡಿದರೆ ಅಡ್ಡಾದಿಡ್ಡಿಯಾಗಿ ಎಳೆದ ಕೂದಲೆಳೆಯಂತಹ ಗೀರುಗಳು ಕಾಣುತ್ತವೆ. ಅನುಭವಿಗಳು ಅದನ್ನು ಕ್ಷಣಮಾತ್ರದಲ್ಲಿ ಗುರುತಿಸುತ್ತಾರೆ.

ಉಜ್ಜದೆ ದ್ರಾವಣದಲ್ಲಿ ಅದ್ದಿ ತೆಗೆದರೆ ಬಾಧೆಯಿಲ್ಲವೆಂದು ಕೆಲವರು ವಾದಿಸುವರು. ಇಲ್ಲಿ ಒಂದು ರಸಾಯನತತ್ತ್ವವನ್ನು ನೆನೆಯಬೇಕು. ಬೆಳ್ಳಿಯ ಮೇಲಿನ ಕಪ್ಪು ಹೊರಗಿನಿಂದ ಬಂದು ಕುಳಿತ ಕೊಳೆಯಲ್ಲ; ಗಾಳಿಯಲ್ಲಿರುವ ಗಂಧಕದ ಅನಿಲಗಳೊಡನೆ ಬೆಳ್ಳಿಯೇ ಕೂಡಿ ಆದ ವಸ್ತು. ತಾಮ್ರದ ಕಂದುಬಣ್ಣವೂ ಹಾಗೆಯೇ ತಾಮ್ರದ ಒಂದು ರೂಪಾಂತರ. ಹುಳಿಯಾಗಲಿ ದ್ರಾವಣವಾಗಲಿ ಇದನ್ನು ಕರಗಿಸಿತೆಂದರೆ, ನಾಣ್ಯವು ತನ್ನದೇ ಚರ್ಮದ ಒಂದು ಪದರವನ್ನು ಕಳೆದುಕೊಂಡಂತೆ. ಹಲವು ಸಲ ಅದ್ದಿದ ನಾಣ್ಯ ಬೆಳ್ಳಗಿದ್ದರೂ ನಿರ್ಜೀವವಾಗಿ ಕಾಣುವುದು ಇದರಿಂದ.

ಹೀಗೆ ಕಳೆದುಹೋಗುವುದು ಅಂದವೊಂದೇ ಅಲ್ಲ. ಚರಿತ್ರೆಯ ಸಾಕ್ಷ್ಯವೂ ಹೋಗುತ್ತದೆ. ನಮ್ಮ ಮೈಸೂರಿನ ನಿದರ್ಶನವನ್ನೇ ತೆಗೆದುಕೊಳ್ಳೋಣ. ಟೀಪೂ ಸುಲ್ತಾನನ ತಾಮ್ರದ ಕಾಸುಗಳ ಒಂದು ಮುಖದಲ್ಲಿ ಆನೆಯೂ ಇನ್ನೊಂದು ಮುಖದಲ್ಲಿ ಟಂಕಸಾಲೆಯ ಹೆಸರೂ ಇರುತ್ತವೆ. ಮೊದಲ ವರ್ಷಗಳಲ್ಲಿ ಹಿಜರಿ ಶಕೆಯನ್ನು ಬಳಸಿದ ಆತನು ಆಮೇಲೆ ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ತಂದು, ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ೧೨೧೫ ಎಂಬ ವರ್ಷ ನಮ್ಮ ಕಣ್ಣಿಗೆ ೫೧೨೧ ಎಂದು ತೋರುವುದು. ಇಂತಹ ಒಂದು ಅಂಕೆ ಅಳಿಸಿದರೂ ಕಾಲನಿರ್ಣಯ ಕಷ್ಟ. ಊರಿನ ಹೆಸರಿನ ಒಂದಕ್ಷರ ಸವೆದರೂ ಅದು ಯಾವ ಟಂಕಸಾಲೆಯದೆಂಬುದು ಸಂದೇಹ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆಲವು ತಾಮ್ರದ ಕಾಸುಗಳಲ್ಲಿ ಕನ್ನಡ, ಪಾರಸಿ, ಇಂಗ್ಲಿಷ್ ಮೂರು ಲಿಪಿಗಳೂ ಕೂಡಿವೆ. ಅಂಗೈಯಲ್ಲಿ ಅಡಗುವ ಈ ಶಾಸನಗಳನ್ನು ಬೂದಿ ಹಾಕಿ ತಿಕ್ಕುವುದು ಉಚಿತವೇ?

ಇನ್ನು ದರ್ಜೆಯ ವಿಷಯ. ಹಿಂದಿನ ಚಿನಿವಾರನಿಗೆ ಸವೆದ ನಾಣ್ಯವೆಂದರೆ ತೂಕ ಕಡಮೆಯಾದ ಲೋಹ. ಅವನು ಅದಕ್ಕೆ ವಟ್ಟ ಹಿಡಿಯುತ್ತಿದ್ದನು. ಸಂಗ್ರಾಹಕನಿಗಾದರೋ ತೂಕಕ್ಕಿಂತ ಮೈಯ ಸ್ಥಿತಿ ಮುಖ್ಯ. ಇದನ್ನು ಸೂಚಿಸಲು ಇಂಗ್ಲೆಂಡಿನಲ್ಲಿ 'ಫೈನ್', 'ವೆರಿ ಫೈನ್', 'ಎಕ್ಸ್‌ಟ್ರೀಮ್ಲಿ ಫೈನ್', ಚಲಾವಣೆಯನ್ನೇ ಕಾಣದ 'ಅನ್‌ಸರ್ಕ್ಯುಲೇಟೆಡ್' ಮೊದಲಾದ ಮಾತುಗಳು ರೂಢಿಗೆ ಬಂದವು. ಮಾತುಗಳಿಗೆ ಬದಲಾಗಿ ಅಂಕಗಳನ್ನು ತಂದವನು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಷೆಲ್ಡನ್. ೧೯೪೯ರಲ್ಲಿ ಆತನು ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ ೧ರಿಂದ ೭೦ರವರೆಗಿನ ಒಂದು ಮಾನವನ್ನು ಪ್ರಕಟಿಸಿದನು. ೭೦ರ ನಾಣ್ಯಕ್ಕೆ ೧ರ ನಾಣ್ಯದ ಎಪ್ಪತ್ತು ಪಟ್ಟು ಬೆಲೆ ಎಂಬುದು ಅವನ ಲೆಕ್ಕ. ಬೆಲೆಯ ಲೆಕ್ಕ ಬಹುಕಾಲ ನಿಲ್ಲಲಿಲ್ಲ. ಅಂಕಗಳು ಮಾತ್ರ ನಿಂತವು. ೧೯೭೭ರಲ್ಲಿ ಅಮೆರಿಕದ ನಾಣ್ಯಸಂಘವು ಅವನ್ನು ಅಂಗೀಕರಿಸಿತು. ೧೯೮೬ರಿಂದೀಚೆಗೆ ಶುಲ್ಕ ಪಡೆದು ಅಂಕ ಕೊಟ್ಟು, ನಾಣ್ಯವನ್ನು ಪ್ಲಾಸ್ಟಿಕ್ ಕವಚದಲ್ಲಿ ಮುದ್ರಿಸಿ ಕೊಡುವ ಸಂಸ್ಥೆಗಳು ಬೆಳೆದಿವೆ. ಅನುಚಿತವಾಗಿ ತೊಳೆದ ನಾಣ್ಯಕ್ಕೆ ಅವು ಸಾಮಾನ್ಯವಾಗಿ ಅಂಕ ಕೊಡುವುದಿಲ್ಲ. ಸವೆತದ ಮಟ್ಟವನ್ನು ತಿಳಿಸಿ, 'ತೊಳೆದದ್ದು' ಎಂದು ಬರೆದುಬಿಡುತ್ತವೆ.

ಈ ಅಂಕವನ್ನು ವೇದವಾಕ್ಯವೆಂದು ಭಾವಿಸಬೇಕಾಗಿಲ್ಲ. ಒಂದೇ ನಾಣ್ಯ ಎರಡನೆಯ ಪರೀಕ್ಷೆಯಲ್ಲಿ ಬೇರೆ ಅಂಕ ಪಡೆಯುವುದುಂಟು. ಕೈಯಿಂದ ಬಡಿದು ಅಚ್ಚೊತ್ತಿದ ನಮ್ಮ ನಾಡಿನ ಕಾಸುಗಳಲ್ಲಿ ಬಿಲ್ಲೆ ಚಿಕ್ಕದಾಗಿ ಅಚ್ಚು ದೊಡ್ಡದಾದಾಗ ಬರಹದ ಒಂದು ಭಾಗ ಹೊರಗೇ ಉಳಿಯುತ್ತದೆ. ಅದು ಸವೆತವಲ್ಲ, ಹುಟ್ಟಿನ ಲಕ್ಷಣ. ದರ್ಜೆ ಕಟ್ಟುವವನು ಈ ಭೇದವನ್ನು ಅರಿತಿರಬೇಕು. ದರ್ಜೆ ಎಂಬುದು ಒಬ್ಬ ಬಲ್ಲವನ ಅಭಿಪ್ರಾಯ. ನಾಳೆ ಅದನ್ನು ತಿದ್ದಬಹುದು. ಉಜ್ಜಿ ಕಳೆದ ಮೈಯನ್ನು ಮಾತ್ರ ಯಾರೂ ತಿದ್ದಲಾರರು.

ಹಾಗಾದರೆ ಶುದ್ಧಿಯೇ ನಿಷಿದ್ಧವೆ? ಹಾಗೂ ಅಲ್ಲ. ನೆಲದಿಂದ ತೆಗೆದ ಪ್ರಾಚೀನ ನಾಣ್ಯಗಳ ಮೇಲೆ ಮಣ್ಣೂ ಕಿಲುಬೂ ಗಟ್ಟಿಯಾಗಿ ಕಚ್ಚಿರುವುದರಿಂದ ತಜ್ಞರು ಪ್ರಯೋಗಶಾಲೆಯಲ್ಲಿ ಅವನ್ನು ಬಿಡಿಸದೆ ಓದುವಂತಿಲ್ಲ. ಅಂತಹ ನಾಣ್ಯ ತೊಳೆದದ್ದೆಂದು ಯಾರೂ ಆಕ್ಷೇಪಿಸುವುದಿಲ್ಲ. ತಾಮ್ರ, ಕಂಚುಗಳ ಮೇಲೆ ತಿಳಿಹಸಿರು ಪುಡಿ ಉದುರತೊಡಗಿದರೆ ಅದು ಕ್ಲೋರೈಡ್ ಲವಣದಿಂದ ಹುಟ್ಟಿದ ರೋಗ. ತೇವ ಸಿಕ್ಕಿದಷ್ಟೂ ಅದು ಒಳಕ್ಕೆ ಕೊರೆಯುವುದರಿಂದ, ನಾಣ್ಯವನ್ನು ಬೇರೆಯಾಗಿ ಒಣಗಿದ ಸ್ಥಳದಲ್ಲಿಟ್ಟು ತಜ್ಞರಿಗೆ ತೋರಿಸಬೇಕು. ಗಟ್ಟಿಯಾಗಿ ಅಂಟಿ ನಿಂತ ಕಡುಹಸಿರು ಕಿಲುಬನ್ನು ಇದರೊಡನೆ ಬೆರೆಸಬಾರದು. ಅದು ಬಹುಮಟ್ಟಿಗೆ ಶಾಂತವಾದುದು.

ಸಾಮಾನ್ಯ ಗೃಹಸ್ಥನು ಅನುಸರಿಸಬೇಕಾದ ಕ್ರಮ ಸುಲಭವಾದುದು. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು. ಬೆರಳಿನ ಬೆವರು ಮುಖಕ್ಕೆ ತಗಲಬಾರದು. ಸಡಿಲವಾದ ಧೂಳಿದ್ದರೆ ಬಟ್ಟಿಯಿಳಿಸಿದ ನೀರಿನಲ್ಲಿ ನೆನೆಯಿಟ್ಟು, ತಿಕ್ಕದೆ ಒತ್ತಿ ಒಣಗಿಸಿದರೆ ಸಾಕು. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಚೀಲಗಳು ವರ್ಷಗಳು ಕಳೆದಂತೆ ಹಸಿರು ಅಂಟನ್ನು ಬಿಡುತ್ತವೆಯಾದ್ದರಿಂದ ಅವನ್ನು ವರ್ಜಿಸಬೇಕು. ಲಕ್ಷ್ಮೀಪೂಜೆಯಲ್ಲಿ ವರ್ಷವರ್ಷವೂ ತೊಳೆದು ಕುಂಕುಮವಿಡುವ ರೂಪಾಯಿಯ ಮಾತು ಬೇರೆ. ಅದು ದೇವರ ಪೆಟ್ಟಿಗೆಯ ಬಾಳನ್ನು ಬಾಳುತ್ತಿದೆ. ಅದನ್ನು ಹಾಗೆಯೇ ಬಿಡೋಣ. ಆದರೆ ಹೊಸದಾಗಿ ಕೈಸೇರಿದ ಅಪೂರ್ವ ನಾಣ್ಯವನ್ನು ಆ ಬಟ್ಟಲಿಗೆ ಸೇರಿಸುವ ಮುನ್ನ ಬಲ್ಲವರೊಬ್ಬರಿಗೆ ತೋರಿಸುವುದು ಲೇಸು. ತೊಳೆಯದಿದ್ದ ನಾಣ್ಯವನ್ನು ಯಾವತ್ತಾದರೂ ತೊಳೆಯಬಹುದು. ತೊಳೆದುದನ್ನು ತೊಳೆಯದಂತೆ ಮಾಡಲಾಗದು.